ಬೀಗರ ನಾಯಿ

ನಮ್ಮ ಮನೆಗೆ ಎರಡು ಬಗೆಯ ಬೀಗರಿದ್ದರು. ಮಕ್ಕಳ ಮದುವೆಯಿಂದ ಆದವರು ಒಂದು ಬಗೆ, ನಾಯಿಯ ಕಡೆಯಿಂದ ಆದವರು ಇನ್ನೊಂದು. ಮೊದಲನೆಯವರು ಬಂದರೆ ನಮ್ಮ ಮಾವ ಅಂಗಡಿಯಿಂದ ಮನೆಗೆ ಬರುವಷ್ಟರಲ್ಲಿ ಊಟದ ಹೊತ್ತಾಗಿರುತ್ತಿತ್ತು. ಎರಡನೆಯವರು ಬರುತ್ತಾರೆಂದರೆ ಆಗಲೇ ಗೇಟಿನ ಹತ್ತಿರ ನಿಂತಿರುತ್ತಿದ್ದರು. ನಾನು ಸಖರಾಯಪಟ್ಟಣದಿಂದ ಕಡೂರಿಗೆ ಬಂದ ಸೊಸೆ. ನನ್ನ ಅಪ್ಪ ಅಮ್ಮನಿಗೆ ಸಿಗದ ಉಪಚಾರ ತರೀಕೆರೆಯ ಒಂದು ಹೆಣ್ಣು ನಾಯಿಯ ಕಡೆಯವರಿಗೆ ಸಿಗುವುದನ್ನು ನೋಡಿ ಹೊಟ್ಟೆ ಉರಿಸಿಕೊಂಡದ್ದೂ ಉಂಟು.

ನಮ್ಮ ಕಡೆ ಪಮೇರಿಯನ್ ಸಾಕಿದವರಲ್ಲಿ ಒಂದು ರೀತಿ ಇದೆ. ಹೆಣ್ಣು ಬೆದೆಗೆ ಬಂದರೆ ಅದನ್ನು ಗಂಡಿನ ಮನೆಗೇ ಕರೆದುಕೊಂಡು ಬರಬೇಕು. ತರಕಾರಿ ಬುಟ್ಟಿಯಲ್ಲಿ ಹಳೇ ಟವೆಲ್ ಹಾಸಿ, ಸ್ಕೂಟರಿನಲ್ಲಿ ಕಾಲಿನ ಹತ್ತಿರ ಇಟ್ಟುಕೊಂಡು ಬರುತ್ತಾರೆ, ಒಂದೆರಡು ದಿನ ಬಿಟ್ಟು ಹೋಗುತ್ತಾರೆ. ವಾಪಸ್ ಕರೆದುಕೊಂಡು ಹೋಗಲು ಬಂದಾಗ ಊಟ, ಹೆಂಗಸರಿಗೆ ಅರಿಶಿನ ಕುಂಕುಮ, ರವಿಕೆ ಬಟ್ಟೆ. ಮೊದಲು ತಮಾಷೆಗೆ ‘ಬೀಗರೇ’ ಅಂದದ್ದು ಆಮೇಲೆ ನಿಜವೇ ಆಗಿಬಿಡುತ್ತದೆ. ಗೃಹಪ್ರವೇಶಕ್ಕೆ ಕರೆಯುತ್ತಾರೆ, ತಿಥಿಗೂ ಕರೆಯುತ್ತಾರೆ. ದುಡ್ಡಿನ ಮಾತಿಲ್ಲ. ಮರಿ ಹಾಕಿದಾಗ ಗಂಡಿನ ಮನೆಗೊಂದು ಮರಿ ಸಲ್ಲಬೇಕು, ಆರಿಸಿಕೊಳ್ಳುವುದೂ ಅವರೇ ಮೊದಲು.

ನಮ್ಮದು ಗಂಡು ನಾಯಿ, ಅಜ್ಜಂಪುರದಿಂದ ಬಂದದ್ದು. ಮಾವನದು ಕಡೂರು ಪೇಟೆಯಲ್ಲಿ ಔಷಧಿ ಅಂಗಡಿ. ಈಗ ನಾನೂ ನನ್ನ ಗಂಡನೂ ನೋಡಿಕೊಳ್ಳುತ್ತೇವೆ, ಅವರು ಬೆಳಿಗ್ಗೆ ಬಂದು ಕುರ್ಚಿಯಲ್ಲಿ ಕೂತು ಗಿರಾಕಿಗಳನ್ನು ಗದರಿಸುತ್ತಾರೆ. ಅವರಿಗೆ ಬಹಳ ಹಿಂದಿನಿಂದ ಪರಿಚಯವಿದ್ದ ಅಜ್ಜಂಪುರದ ಒಬ್ಬ ನಿವೃತ್ತ ಟೀಚರಮ್ಮ ಬಸ್ಸಿನಲ್ಲಿ ಮಡಿಲಲ್ಲಿ ಇಟ್ಟುಕೊಂಡು ತಂದು ಕೊಟ್ಟ ಮರಿ ಅದು. ಹೊಸ ಬೆಲ್ಲದ ಬಣ್ಣ. ದೊಡ್ಡದಾದ ಮೇಲೆ ಕುತ್ತಿಗೆಯ ಕೂದಲು ಎಷ್ಟು ದಟ್ಟವಾಯಿತೆಂದರೆ ಬೆಲ್ಟು ಹಾಕಿದರೆ ಬೆಲ್ಟೇ ಕಾಣುತ್ತಿರಲಿಲ್ಲ. ನಮ್ಮ ಮನೆಯ ಗಂಡಸರೆಲ್ಲ ಬೋಳು. ನನ್ನ ಗಂಡನಿಗೆ ಮದುವೆಯ ಫೋಟೋದಲ್ಲೇ ಹಣೆ ಎಲ್ಲಿ ಮುಗಿಯಿತು ಎಂದು ಹೇಳುವುದು ಕಷ್ಟ. ಮಾವನ ತಲೆಯಂತೂ ನಾನು ಬರುವ ಹೊತ್ತಿಗೇ ನುಣ್ಣಗಿತ್ತು. ಆ ಮನೆಯಲ್ಲಿ ಬಾಚಣಿಗೆ ಕೊಂಡು ತಂದದ್ದು ನಾಯಿಗಾಗಿ. ಸಂಜೆ ಜಗಲಿಯಲ್ಲಿ ಕೂತು ಮಾವ ಅದರ ಮೈ ಬಾಚುವಾಗ ಯಾರಾದರೂ ದಾರಿಯಲ್ಲಿ ನಿಂತು ನೋಡಿದರೆ ಅವರಿಗೆ ಆ ದಿನ ಕಾಫಿ ಖಾತ್ರಿ.

ಅದರ ಬಣ್ಣಕ್ಕೆ ಮರುಳಾಗಿ ಹಲವು ಊರುಗಳಿಂದ ಹೆಣ್ಣು ತಂದರು. ತರೀಕೆರೆಯ ಬೀಗರು ಅವರಲ್ಲಿ ಎಲ್ಲರಿಗಿಂತ ಹತ್ತಿರದವರು. ಗಂಡನಿಗೆ ಪಾತ್ರೆ ಅಂಗಡಿ, ಹೆಂಡತಿ ಮನೆಯಲ್ಲೇ, ಒಬ್ಬಳೇ ಮಗಳು. ಅವರ ನಾಯಿ ಮರಿ ಹಾಕಿದಾಗ ಮಾವ ಹೋಗಿ ಒಂದು ಹೆಣ್ಣು ಮರಿ ಆರಿಸಿದರು, ಅಪ್ಪನದೇ ಬಣ್ಣ. ಆದರೆ ಆ ಮರಿಯನ್ನು ಬಿಡಲಾರದೆ ಬೀಗಿತಿ ಅಡಿಗೆಮನೆಗೆ ಹೋಗಿ ಕಣ್ಣೊರೆಸಿಕೊಂಡದ್ದು ಮಾವನ ಕಣ್ಣಿಗೆ ಬಿತ್ತು. “ಅಳಬ್ಯಾಡಮ್ಮ. ನಮ್ಮನೆ ಮಗಳು ಅನ್ಕೊಂಡು ನಿಮ್ಮನೇಲೇ ಇಟ್ಕಳಿ,” ಎಂದು ಬರಿಗೈಯಲ್ಲಿ ಬಂದರು. ಆಮೇಲಿಂದ ಫೋನಿನಲ್ಲಿ ಅವರ ಮೊದಲ ಪ್ರಶ್ನೆಯೇ “ಹೆಂಗಿದಾಳೆ ನಮ್ಮ ಮಗಳು?”

ನಮ್ಮ ನಾಯಿಗೆ ಮೊದಲು ಕೂದಲು ಹೋದದ್ದು ಹಿಂದೊಡೆಯಲ್ಲಿ. ಕೂತೂ ಕೂತೂ ಸವೆದಿರಬೇಕು ಎಂದುಕೊಂಡೆವು. ಆಮೇಲೆ ಬಾಲ ತೆಳ್ಳಗಾಯಿತು, ಬೆನ್ನು ಹೋಯಿತು, ಹೊಟ್ಟೆಯ ಪಕ್ಕ ಹೋಯಿತು. ಕೂದಲು ಹೋದ ಕಡೆ ಚರ್ಮ ಕಪ್ಪಾಗುತ್ತ ಬಂತು. ಮುಖಕ್ಕೂ ಕುತ್ತಿಗೆಗೂ ಕಾಲಿಗೂ ಮಾತ್ರ ಏನೂ ಆಗಲಿಲ್ಲ. ಪೂಜೆಗೆಂದು ಜುಟ್ಟು ಬಿಟ್ಟು ಸುಲಿದ ತೆಂಗಿನಕಾಯಿಯ ಹಾಗೆ ಕಾಣುತ್ತಿತ್ತು. ತುರಿಕೆ ಇಲ್ಲ, ಗಾಯ ಇಲ್ಲ, ಹೊಟ್ಟೆ ತುಂಬ ತಿನ್ನುತ್ತಿತ್ತು, ಗೇಟಿನ ಶಬ್ದಕ್ಕೆ ಮುಂಚಿನಂತೆಯೇ ಓಡುತ್ತಿತ್ತು. ತನಗೇನಾಗಿದೆ ಎಂದು ಅದಕ್ಕೆ ಗೊತ್ತೇ ಇರಲಿಲ್ಲ. ಓಡಿ ಬಂದ ನಾಯಿಯನ್ನು ಕಂಡು ಜನ ಹಿಂದೆ ಸರಿದಾಗ ಬಾಲ ಅಲ್ಲಾಡಿಸುವುದನ್ನು ನಿಲ್ಲಿಸಿ ಅವರ ಮುಖ ನೋಡುತ್ತಿತ್ತು. ಅದೊಂದನ್ನು ನನ್ನಿಂದ ನೋಡಲಾಗುತ್ತಿರಲಿಲ್ಲ.

ನಮ್ಮ ಬೀದಿಯಲ್ಲಿ ಕಾಯಿಲೆಗೆ ಔಷಧಿ ಗೊತ್ತಿಲ್ಲದವರು ಯಾರೂ ಇಲ್ಲ, ಔಷಧಿ ಅಂಗಡಿಯವರನ್ನು ಬಿಟ್ಟು. ಒಬ್ಬರು ಬೇವಿನೆಣ್ಣೆ ಎಂದರು. ಒಬ್ಬರು ಕೊಬ್ಬರಿ ಎಣ್ಣೆಯಲ್ಲಿ ಗಂಧಕ ಕಲಸಿ ಎಂದರು. ಗ್ಯಾರೇಜಿನವನು ಸುಟ್ಟ ಆಯಿಲ್ ಡಬ್ಬವನ್ನೇ ಹಿಡಿದುಕೊಂಡು ಬಂದ, ಅವನನ್ನು ನಾನೇ ಗೇಟಿನಿಂದ ಆಚೆ ಕಳಿಸಿದೆ. ಎದುರು ಮನೆಯವರು ಮಾತ್ರ ಔಷಧಿ ಹೇಳಲಿಲ್ಲ. ಮಕ್ಕಳಿಗೆ ಅಂಟುತ್ತದೆ, ಎಲ್ಲಾದರೂ ದೂರ ಬಿಟ್ಟು ಬನ್ನಿ ಎಂದರು.

ಕೊನೆಗೆ ಮಾವ ತಾವೇ ಒಂದು ಉಪಾಯ ಕಂಡುಹಿಡಿದರು. ನಮ್ಮಲ್ಲಿ ಮಕ್ಕಳ ಕೂದಲು ತೆಳ್ಳಗಿದ್ದರೆ ಜವಳ ತೆಗೆಸುತ್ತಾರೆ, ಒಂದು ಸಲ ನುಣ್ಣಗೆ ಬೋಳಿಸಿದರೆ ಆಮೇಲೆ ದಟ್ಟಗೆ ಬರುತ್ತದೆ ಎಂಬ ನಂಬಿಕೆ.

“ಮೊಮ್ಮಗೀಗೆ ಬರ್ಲಿಲ್ವೇನಮ್ಮ? ಹಂಗೇ ಇದಕ್ಕೂ ಬತ್ತದೆ,” ಎಂದರು.

ಕಟಿಂಗ್ ಶಾಪಿನವನನ್ನು ಹಿತ್ತಲಿಗೆ ಕರೆಸಿ, ತಾವೇ ನಾಯಿಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಉಳಿದಿದ್ದ ಕೂದಲನ್ನೂ ಮಷೀನಿನಲ್ಲಿ ತೆಗೆಸಿಬಿಟ್ಟರು. ಮುಖದ ಕೂದಲನ್ನು ಬಿಡಿ ಎಂದು ನಾನು ಹೇಳಿದೆ. ಅರ್ಧ ಜವಳ ಯಾರಾದರೂ ತೆಗೆಸುತ್ತಾರಾ ಎಂದರು. ಕುತ್ತಿಗೆಯ ಆ ಬೆಲ್ಲದ ಬಣ್ಣದ ಕೂದಲು ಒಗೆಯುವ ಕಲ್ಲಿನ ಹತ್ತಿರ ಗುಡ್ಡೆ ಬಿದ್ದಿತ್ತು. ಮಾವ ಅದನ್ನು ಗುಡಿಸಲು ಬಿಡದೆ ತಾವೇ ಒಂದು ಕವರಿಗೆ ತುಂಬಿಟ್ಟರು.

ಕೂದಲು ಬರಲಿಲ್ಲ. ಮಳೆಗಾಲ ಬಂತು, ಚಳಿಗಾಲ ಬಂತು. ಮುಖದ ಮೇಲೆ ಅಲ್ಲಲ್ಲಿ ಕುರುಚಲು ಬಂದು ನಿಂತಿತು, ಕುತ್ತಿಗೆ ಬೋಳಾಗಿಯೇ ಉಳಿಯಿತು. ಈಗ ಅದು ಯಾವ ಜಾತಿಯ ನಾಯಿ ಎಂದು ಹೇಳುವ ಹಾಗೂ ಇರಲಿಲ್ಲ.

ಆಗ ಪಶು ಆಸ್ಪತ್ರೆಗೆ ಹೋದೆವು. ಮೊದಲೇ ಹೋಗಬೇಕಿತ್ತು, ಆದರೆ ಔಷಧಿ ಅಂಗಡಿಯವರು ಆಸ್ಪತ್ರೆಗೆ ಹೋಗುವುದು ಎಲ್ಲ ಮುಗಿದ ಮೇಲೆಯೇ. ಅಲ್ಲಿದ್ದ ಡಾಕ್ಟರಮ್ಮ ಚರ್ಮ ಕೆರೆದು ನೋಡಿದರು, ರಕ್ತ ಪರೀಕ್ಷೆಗೆ ಕಳಿಸಿದರು. ಇನ್ನೊಂದು ಸಲ ಹೋದಾಗ ಕೂರಿಸಿ ಹೇಳಿದರು: ಇದು ಕಜ್ಜಿಯಲ್ಲ, ಯಾರಿಗೂ ಅಂಟುವುದಿಲ್ಲ, ನಾಯಿಗೆ ನೋವೂ ಇಲ್ಲ. ಈ ಜಾತಿಯಲ್ಲಿ ಕೆಲವು ವಂಶಗಳಲ್ಲಿ ಹೀಗೆ ಬರುತ್ತದೆ. ಪೂರ್ತಿ ವಾಸಿ ಮಾಡುವ ಔಷಧಿ ಇಲ್ಲ. ಬೀಜ ತೆಗೆಸಿದರೆ ಕೆಲವಕ್ಕೆ ಕೂದಲು ಬರುತ್ತದೆ, ಬಂದರೂ ನಿಲ್ಲುತ್ತದೆ ಎಂದು ಹೇಳಲಾಗುವುದಿಲ್ಲ. “ಇನ್ಮೇಲೆ ಕ್ರಾಸ್ ಮಾಡಿಸ್ಬೇಡಿ. ಇದರ ಮರಿಗಳು ಎಲ್ಲೆಲ್ಲಿವೆಯೋ ಅವರಿಗೂ ಒಂದು ಮಾತು ಹೇಳಿ, ಅವರೂ ಇನ್ನು ಮರಿ ಮಾಡಿಸದಿರಲಿ,” ಎಂದರು.

ಮಾವ ಚೀಟಿಯನ್ನು ಜೇಬಿಗೆ ತುರುಕಿಕೊಂಡು ಎದ್ದರು. ಮನೆಗೆ ಬಂದು, “ಆ ಯಮ್ಮಂಗೆ ಏನ್ ಗೊತ್ತು, ನಿನ್ನೆ ಮೊನ್ನೆ ಕಾಲೇಜಿಂದ ಬಂದಿರೋದು,” ಎಂದರು. ಬೀಗರಿಗೆ ಹೇಳುವ ಮಾತೆತ್ತಿದರೆ ಎದ್ದು ಹೋಗುತ್ತಿದ್ದರು. ನನಗೆ ಕಾರಣ ಗೊತ್ತಿತ್ತು. ಆ ಊರುಗಳಲ್ಲಿ ಅವರನ್ನು ಕರೆದು ಊಟಕ್ಕೆ ಕೂರಿಸುತ್ತಿದ್ದದ್ದು ಈ ನಾಯಿಯ ಕೂದಲನ್ನು ನೋಡಿ. ಅಂಥವರ ಮನೆಗೆ ಹೋಗಿ, ನಾನು ಕೊಟ್ಟ ಮರಿ ಬೋಳಾಗುತ್ತದೆ ಎಂದು ಯಾವ ಬಾಯಲ್ಲಿ ಹೇಳುವುದು?

ಅಷ್ಟರಲ್ಲಿ ಪಂಚನಹಳ್ಳಿಯಿಂದ ಒಬ್ಬರು ಹೇಳದೆ ಕೇಳದೆ ಬುಟ್ಟಿಯಲ್ಲಿ ಹೆಣ್ಣು ನಾಯಿ ಇಟ್ಟುಕೊಂಡು ಬಂದರು. ಮಾವ ನಮ್ಮ ನಾಯಿಯನ್ನು ಬಚ್ಚಲಿಗೆ ಕೂಡಿ ಚಿಲಕ ಹಾಕಿದರು. “ಜ್ವರ ಬಂದದೆ, ಇನ್ನೊಂದ್ಸಲ ನೋಡಾಣ,” ಎಂದು ಕಾಫಿ ಕೊಟ್ಟು ಕಳಿಸಿದರು. ಬಚ್ಚಲಲ್ಲಿ ಅದು ಬಾಗಿಲು ಕೆರೆಯುತ್ತಿತ್ತು. ಬಂದವರಿಗೂ ಕೇಳಿಸಿತು.

ನನಗೆ ಸಿಟ್ಟು ಬಂದರೆ ತಡೆಯುವುದಿಲ್ಲ. “ಎಷ್ಟು ದಿನ ಜ್ವರ ಅಂತೀರಿ ಮಾವ? ನಿಮ್ಮ ಅಂಗಡೀಲಿ ಡೇಟ್ ಮುಗಿದ ಮಾತ್ರೆ ಯಾರಿಗಾದ್ರೂ ಕೊಟ್ಟಿದೀರಾ? ಇದು ಮಾತ್ರ ಯಾಕೆ?” ಎಂದುಬಿಟ್ಟೆ. ಸೊಸೆ ಆಡುವ ಮಾತಲ್ಲ. ಅವರು ಆ ದಿನ ಊಟ ಮಾಡಲಿಲ್ಲ. ಮರುದಿನ ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, “ನಡಿಯಮ್ಮ, ತರೀಕೆರೆಗೆ ಹೋಗ್ಬರಣ. ಮೊದ್ಲು ಅವರಿಗೆ ಹೇಳಣ, ಆಮೇಲೆ ಮಿಕ್ಕಿದೋರಿಗೆ,” ಎಂದರು.

ಬೀಗರಿಗೆ ಬರುತ್ತೇವೆಂದು ಫೋನ್ ಮಾಡಿ ಹೋಗಿದ್ದೆವು. ಬೇಸಿಗೆ, ಬಸ್ಸಿನಲ್ಲಿ ಬೆವರು ಸುರಿಯುತ್ತಿತ್ತು. ಅಲ್ಲಿ ನೋಡಿದರೆ ‘ನಮ್ಮ ಮಗಳು’ ಕೆಂಪು ಉಲ್ಲನ್ ಸ್ವೆಟರ್ ಹಾಕಿಕೊಂಡು ನಾಲಿಗೆ ಚಾಚಿ ಏದುತ್ತಿದ್ದಳು. ಅವರ ಮಗಳು ಚಿಕ್ಕವಳಿದ್ದಾಗಿನ ಸ್ವೆಟರ್, ಕಿತ್ತುಹೋದ ಬಟನ್ ಜಾಗದಲ್ಲಿ ಅಂಗಿಯ ಬಿಳಿ ಗುಂಡಿ ಹೊಲಿದಿದ್ದರು.

“ಶೀತ ಆಗಿದೆ,” ಎಂದರು ಬೀಗರು. ಅವರ ಹಣೆಯ ಮೇಲೂ ಬೆವರಿತ್ತು.

ಮಾವ ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟು ನಾಯಿಯನ್ನು ಹತ್ತಿರ ಕರೆದರು. ಬೀಗಿತಿ ಬೇಡ ಎನ್ನುವಷ್ಟರಲ್ಲಿ ಸ್ವೆಟರಿನ ಅಂಚನ್ನು ಮೇಲೆತ್ತಿ ನೋಡಿದರು. ಒಳಗೆ ಅದೇ ಕಪ್ಪು ಚರ್ಮ. ಬೀಗಿತಿ ಕೈ ಜೋಡಿಸಿದರು.

“ನಮ್ಮ ತಪ್ಪೇ ಬೀಗ್ರೇ. ನಿಮ್ಮ ಮಗಳನ್ನ ಸರಿಯಾಗಿ ನೋಡ್ಕಳಕ್ಕೆ ಆಗ್ಲಿಲ್ಲ. ದಿನಾ ಎಣ್ಣೆ ಹಚ್ತಾ ಇದೀನಿ. ಕೂದ್ಲು ಬಂದ್ಮೇಲೆ ನಿಮಗೆ ತೋರಿಸಣ ಅಂತಿದ್ದೆ.”

ನಾವು ಅವರಿಂದ ಮುಚ್ಚಿಟ್ಟಿದ್ದೆವು, ಅವರು ನಮ್ಮಿಂದ ಮುಚ್ಚಿಟ್ಟಿದ್ದರು. ನನಗೆ ಒಳಗೊಳಗೇ ನಗು ಬಂತು, ಆಮೇಲೆ ನಾಚಿಕೆಯಾಯಿತು. ಮಾವ ತಡಮಾಡದೆ ಹೇಳಿದರು. ತಪ್ಪು ನಿಮ್ಮದಲ್ಲ, ನಮ್ಮ ನಾಯಿಯದೂ ಇದೇ ಗತಿ, ಇದು ವಂಶದಲ್ಲಿ ಬಂದದ್ದು, ವಾಸಿಯಾಗುವುದಿಲ್ಲ, ಯಾರಿಗೂ ಅಂಟುವುದಿಲ್ಲ, ಇನ್ನು ಮರಿ ಮಾಡಿಸಬೇಡಿ ಎಂದು ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಒಂದೂ ಬಿಡದೆ ಒಪ್ಪಿಸಿದರು. ನನಗೆ ಅವರ ಮೇಲೆ ಆ ಮನೆಗೆ ಬಂದ ಮೇಲೆ ಮೊದಲ ಸಲ ಅಷ್ಟು ಗೌರವ ಬಂತು.

ಬೀಗಿತಿಯ ಮುಖ ಹಗುರಾಯಿತು. ತನ್ನ ಕೈಯಿಂದ ಕೆಟ್ಟದ್ದಲ್ಲ ಎಂದು ತಿಳಿದದ್ದೇ ಆಕೆಗೆ ದೊಡ್ಡದು. ಬೀಗರು ಮಾತ್ರ ಮಾವ ಹೇಳಿದ್ದರಲ್ಲಿ ಒಂದೇ ಮಾತನ್ನು ಹಿಡಿದುಕೊಂಡರು.

“ಹಂಗಾದ್ರೆ ವಾಸಿ ಆಗದೇ ಇಲ್ಲ?”

“ಇಲ್ಲ ಬೀಗ್ರೇ.”

“ನಮ್ಮ ಹುಡುಗೀನ ನೋಡಕ್ಕೆ ಗಂಡಿನ ಕಡೆಯೋರು ಬರೋರಿದಾರೆ. ಅಷ್ಟರೊಳಗೆ ವಾಸಿ ಆಗತ್ತೆ ಅನ್ಕೊಂಡಿದ್ದೆ,” ಎಂದರು ಬೀಗರು. ಆಮೇಲೆ ಅವರು ನಾಯಿಯ ಕಡೆ ನೋಡಲಿಲ್ಲ. ನಾವು ಹೊರಟಾಗ ಬಸ್ ಸ್ಟ್ಯಾಂಡಿನ ತನಕ ಬಂದು ಬಿಟ್ಟರು, ಬಾಳೆಹಣ್ಣು ಕೊಡಿಸಿದರು, ಮರ್ಯಾದೆಯಲ್ಲಿ ಏನೂ ಕಡಿಮೆ ಮಾಡಲಿಲ್ಲ.

ಬಸ್ಸಿನಲ್ಲಿ ಮಾವ ಹಗುರಾಗಿದ್ದರು. “ನೀ ಹೇಳಿದ್ದು ಸರೀನೇ ಕಣಮ್ಮ,” ಎಂದರು. ಆ ವಾರವೇ ನಮ್ಮ ನಾಯಿಗೆ ಆಪರೇಷನ್ ಮಾಡಿಸಿದರು. ಸ್ವಲ್ಪ ದಿನದಲ್ಲಿ ಬೆನ್ನಿನ ಮೇಲೆ ನವಿರಾಗಿ ಕೂದಲು ಬಂತು. ಮಾವ ಎಲ್ಲರನ್ನೂ ಕರೆದು ಮುಟ್ಟಿಸಿ ತೋರಿಸಿದರು. ಆಮೇಲೆ ಅದೂ ಉದುರಿತು.

ಉಳಿದ ಬೀಗರಿಗೆ ಹೇಳುವ ಮುಂಚೆ ಅಜ್ಜಂಪುರಕ್ಕೆ ಹೋಗಿ ಬರೋಣ ಎಂದು ಮಾವನೇ ಎಂದರು. ಮೂಲದಲ್ಲಿ ಏನಾಗಿತ್ತೆಂದು ಕೇಳಬೇಕು, ಆ ಟೀಚರಮ್ಮನಿಗೂ ತಿಳಿಸಬೇಕು, ಪಾಪ ಅವರಿಗೆ ಗೊತ್ತಿರುವುದಿಲ್ಲ ಎಂಬುದು ಅವರ ಲೆಕ್ಕ. ಟೀಚರಮ್ಮ ಜಗಲಿಯ ಮೇಲೆ ಅಲಸಂದೆಕಾಯಿ ಸುಲಿಯುತ್ತ ಎಲ್ಲವನ್ನೂ ಕೇಳಿಸಿಕೊಂಡರು. ಕೈ ನಿಲ್ಲಿಸಲಿಲ್ಲ.

“ಅದರ ಅಪ್ಪಂಗೂ ಹಿಂಗೇ ಆಗಿತ್ತು. ಅದಕ್ಕೂ ಮುಂಚೆ ಇದ್ದಿದ್ದಕ್ಕೂ ಆಗಿತ್ತು,” ಎಂದರು.

ಮಾವ ಕಾಫಿ ಲೋಟ ಕೆಳಗಿಟ್ಟರು. “ಗೊತ್ತಿತ್ತಾ ನಿಮಗೆ? ಒಂದ್ ಮಾತು ಹೇಳ್ಬಾರ್ದಾಗಿತ್ತಾ?”

“ಮರಿ ಹುಟ್ದಾಗ ಚೆನ್ನಾಗೇ ಇರ್ತಾವಲ್ಲಪ್ಪ. ಹೇಳಿದ್ರೆ ನೀವು ತಗೊಂಡ್ ಹೋಗ್ತಿದ್ರಾ? ಹೆಣ್ಣು ಕೊಡೋರು ಮನೇಲಿರೋ ಕಾಯಿಲೆ ಎಲ್ಲ ಹೇಳ್ಕೊಂಡು ಹೆಣ್ಣು ಕೊಡ್ತಾರಾ?” ಆಮೇಲೆ ಕಾಳಿನ ಮೊರವನ್ನು ಪಕ್ಕಕ್ಕಿಟ್ಟು, “ನೀವು ಹೇಳಿದ್ರಾ ತರೀಕೆರೆಯೋರಿಗೆ? ಹೇಳ್ಬಾರ್ದಾಗಿತ್ತು. ವಾಸಿ ಆಗತ್ತೆ ಅಂತ ಇದ್ದಷ್ಟು ದಿನ ಜನ ಇಟ್ಕೊಂಡಿರ್ತಾರೆ,” ಎಂದರು.

ಆ ಹೆಂಗಸಿನ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಅವರು ಕೊಟ್ಟ ಕಾಫಿ ಕುಡಿಯದೆ ಎದ್ದು ಬಂದೆ. ಬಸ್ಸಿನಲ್ಲಿ ಬೀರೂರು ಬರುವವರೆಗೂ ಅವರನ್ನು ಬೈಯುತ್ತಲೇ ಇದ್ದೆ. ಮಾವ ಹೂಂ ಅನ್ನುತ್ತಿದ್ದರು, ಅಷ್ಟೆ.

ಬೀರೂರಿನಲ್ಲಿ ಕಡೂರಿನ ಬಸ್ಸಿಗೆ ಕಾಯುತ್ತ ನಿಂತಿದ್ದೆವು. ಟೀ ಅಂಗಡಿಯ ಬೆಂಚಿನ ಕೆಳಗೆ ಏನೋ ಕೆಂಪಗೆ ಮುದುಡಿಕೊಂಡಿತ್ತು. ಯಾರೋ ಬಿಸಾಕಿದ ಬಟ್ಟೆ ಎಂದುಕೊಂಡೆ. ಅದು ಅಲುಗಾಡಿತು. ಮಾವ ನನಗಿಂತ ಮುಂಚೆ ಬೆಂಚಿನ ಹತ್ತಿರ ಹೋಗಿ ಮಂಡಿಯೂರಿ ಕೂತಿದ್ದರು. ಸ್ವೆಟರ್ ಕೆಸರಿನಲ್ಲಿ ಗಟ್ಟಿಯಾಗಿತ್ತು, ಒಂದು ತೋಳು ಹರಿದಿತ್ತು, ಅಂಗಿಯ ಬಿಳಿ ಗುಂಡಿ ಹಾಗೇ ಇತ್ತು. ಬೀದಿ ನಾಯಿಗಳು ಕಚ್ಚಿ ಕಿವಿ ಸೀಳಿತ್ತು. ಮಾವನ ಕೈಯನ್ನು ಮೂಸಿ ಬಾಲ ಅಲ್ಲಾಡಿಸಲು ನೋಡಿತು.

“ಸ್ಕೂಟರಲ್ಲಿ ತಂದು ಬಿಟ್ಟೋದ ಕಣ್ರೀ ಯಾರೋ, ಬುಟ್ಟೀಲಿ ಇಟ್ಕೊಂಡು. ಒಂದಷ್ಟು ದೂರ ಹಿಂದೇನೇ ಓಡ್ತು ಪಾಪ,” ಎಂದ ಟೀ ಅಂಗಡಿಯವನು.

ತರೀಕೆರೆಯಿಂದ ಕಡೂರಿಗೆ ಬರುವ ದಾರಿಯಲ್ಲಿ ಬೀರೂರು ಸಿಗುತ್ತದೆ. ನಮ್ಮ ಮನೆಗೆ ತಂದು ಒಪ್ಪಿಸಬೇಕೆಂದೇ ಹೊರಟಿದ್ದರೋ ಏನೋ. ಇನ್ನು ಸ್ವಲ್ಪವೇ ದೂರ ಉಳಿದಿದ್ದಾಗ ನಮ್ಮ ಮುಖ ನೋಡಲು ಧೈರ್ಯ ಸಾಲದೆ ಅಲ್ಲೇ ಇಳಿಸಿ ಹೋಗಿರಬೇಕು. ವಾಪಸ್ ಕೊಟ್ಟಿದ್ದರೆ ನಾವು ಬೇಡ ಅನ್ನುತ್ತಿರಲಿಲ್ಲ. ಕಂಡಕ್ಟರು ಆ ನಾಯಿಯನ್ನು ಬಸ್ಸಿಗೆ ಹತ್ತಿಸಿಕೊಳ್ಳಲಿಲ್ಲ. ಆಟೋದಲ್ಲಿ ಬಂದೆವು. ಮಾವ ತಮ್ಮ ಹೆಗಲ ಮೇಲಿನ ಟವೆಲ್ಲಿನಲ್ಲಿ ಸುತ್ತಿ ಅದನ್ನು ಮಡಿಲಲ್ಲಿ ಇಟ್ಟುಕೊಂಡಿದ್ದರು.

ನಾನು ಸ್ವೆಟರನ್ನು ಬಿಚ್ಚಿ ಒಗೆದು ಹಿತ್ತಲ ತಂತಿಯ ಮೇಲೆ ಹಾಕಿದೆ. ಅಪ್ಪ ಮಗಳು ಇಬ್ಬರೂ ಜಗಲಿಯ ಎರಡು ಮೂಲೆಗಳಲ್ಲಿ ಮಲಗಿದ್ದರು, ಒಂದೇ ಬಗೆಯ ಕಪ್ಪು ಮೈ. ಎದುರು ಮನೆಯವರು ಬಾಗಿಲಿಗೆ ಬಂದು ನೋಡಿ ಒಳಗೆ ಹೋದರು.

ಮರುದಿನ ಮಾವನ ಫೋನ್ ರಿಂಗಾಯಿತು. ಅವರಿಗೆ ಕಿವಿ ಸ್ವಲ್ಪ ಮಂದ, ಸ್ಪೀಕರ್ ಹಾಕಿಯೇ ಮಾತಾಡುವುದು. ಬೀಗಿತಿ ಅಳುತ್ತಿದ್ದರು.

“ಬೀಗ್ರೇ, ಏನಂತ ಹೇಳ್ಲಿ. ನಿಮ್ಮ ಮಗಳು ತಪ್ಪಿಸ್ಕೊಂಡ್ ಹೋಗ್ಬಿಟ್ಲು. ನಾನು ಶಿವಮೊಗ್ಗಕ್ಕೆ ಹೋಗಿದ್ದೆ. ನಮ್ಮನೆಯೋರು ಗೇಟ್ ತೆಗ್ದಿದ್ರಂತೆ, ಅಷ್ಟರಲ್ಲೇ ಓಡಿಹೋದ್ಲಂತೆ. ಪಾಪ, ಅವರೂ ಸ್ಕೂಟರಲ್ಲಿ ಊರೆಲ್ಲ ಹುಡುಕಿದ್ರು, ರಾತ್ರಿ ಊಟಾನೂ ಮಾಡ್ಲಿಲ್ಲ.”

ಮಾವ ನನ್ನ ಮುಖ ನೋಡಿದರು. ಈ ಮನೆಯಲ್ಲಿ ನಿಜ ಹೇಳಿ ಎಂದು ಹಟ ಹಿಡಿದವಳು ನಾನೇ. ಹೇಳಿದರೆ ಆ ಹೆಂಗಸು ಮುಂದೆ ಯಾರ ಜೊತೆ ಸಂಸಾರ ಮಾಡಬೇಕು? ನಾಯಿಯನ್ನು ವಾಪಸ್ ಕಳಿಸಿದರೆ ಅದು ಇನ್ನೂ ದೂರದ ಯಾವ ಊರಿನ ಬಸ್ ಸ್ಟ್ಯಾಂಡಿಗೆ ಹೋಗಿ ಬೀಳುತ್ತದೆ? ನಾನು ತಲೆ ತಗ್ಗಿಸಿದೆ.

“ಸ್ವೆಟರ್ ಹಾಕ್ಕೊಂಡೇ ಹೋಗಿದಾಳೆ. ಯಾರಾದ್ರೂ ನೋಡಿದ್ರೆ ಗುರ್ತು ಸಿಗತ್ತೆ, ಅಲ್ವಾ ಬೀಗ್ರೇ?” ಎಂದರು ಬೀಗಿತಿ.

ಮಾವ ತಂತಿಯ ಮೇಲಿದ್ದ ಸ್ವೆಟರಿನ ಕಡೆ ನೋಡುತ್ತಿದ್ದರು. ಬೀಗಿತಿಯ ಧ್ವನಿ ಕೇಳಿ ಮೂಲೆಯಲ್ಲಿದ್ದ ನಾಯಿ ಎದ್ದು ಕುಂಟುತ್ತ ಫೋನಿನ ಹತ್ತಿರ ಬಂತು. ಅದು ಬೊಗಳುವ ಮುಂಚೆ ಮಾವ ಅದರ ಬಾಯನ್ನು ಮೆಲ್ಲಗೆ ಅಂಗೈಯಲ್ಲಿ ಮುಚ್ಚಿ ಹಿಡಿದುಕೊಂಡರು.

“ಸಿಗತ್ತಮ್ಮ. ಸಿಕ್ಕಿದ್ರೆ ಹೇಳ್ತೀನಿ,” ಎಂದರು.